ಹೂಂಗುಟ್ಟುವವರು ಯಾರು?

ಕಳೆದ ತಿಂಗಳು ನಮ್ಮ ಸಂಘದ ಕಾರ್ಯಕಾರಿ ಸಮಿತಿಯ ಮುಂದೆ ಒಂದು ಸೂಚನೆ ಬಂದಿತು. ಭಾನುವಾರದ ಕನ್ನಡ ತರಗತಿಗೆ ಮಕ್ಕಳು ಬರುತ್ತಿಲ್ಲ. ಬರುವವರು ಏಳೆಂಟು ಮಂದಿ, ಅವರಲ್ಲೂ ಇಬ್ಬರು ಪದಾಧಿಕಾರಿಗಳ ಮಕ್ಕಳು. ಆದ್ದರಿಂದ ತರಗತಿಯನ್ನು ನಿಲ್ಲಿಸಿ, ಆ ಹಣದಲ್ಲಿ ಚಿಕ್ಕ ಮಕ್ಕಳಿರುವ ಸದಸ್ಯರಿಗೆ ಮನೆಗೊಂದರಂತೆ ಕಥೆ ಹೇಳುವ ಪೆಟ್ಟಿಗೆಯನ್ನು ಕೊಡಿಸಬೇಕು. ಪರದೆ ಇಲ್ಲ, ಕಣ್ಣಿಗೆ ಕೇಡಿಲ್ಲ, ಮಗು ತಾನೇ ಗುಂಡಿ ಒತ್ತಿ ಕನ್ನಡ ಕಥೆ ಕೇಳುತ್ತದೆ, ದುಡಿದು ಬಂದ ತಂದೆತಾಯಿಗಳಿಗೂ ಬಿಡುವು ಎಂದು ಸೂಚನೆಯ ವಿವರಣೆ. ತಲೆಗಳು ಆಡಿದವು. ನಾನೊಬ್ಬ ಬೇಡವೆಂದೆ. 'ನಿಮಗೆ ಹೊಸದೆಂದರೆ ಆಗದು' ಎಂದು ಹಿರಿಯರೊಬ್ಬರು ನಕ್ಕರು. ಅಷ್ಟರಲ್ಲಿ ಕಾಫಿ ಬಂದಿತು. ಕಾಫಿ ಬಂದ ಮೇಲೆ ನಮ್ಮ ಸಭೆಗಳಲ್ಲಿ ಚರ್ಚೆ ನಡೆದ ಉದಾಹರಣೆಯಿಲ್ಲ. ಅಲ್ಲಿ ಹೇಳಲಾಗದ್ದನ್ನು ಸಂಪಾದಕರ ಕೃಪೆಯಿಂದ ಇಲ್ಲಿ ಹೇಳುತ್ತಿದ್ದೇನೆ.

ಮೊದಲಿಗೇ ಒಪ್ಪಿಕೊಳ್ಳುತ್ತೇನೆ, ಪರದೆಯ ವಿಷಯದಲ್ಲಿ ಸೂಚನೆಯನ್ನು ತಂದವರ ಮಾತು ಸರಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದೂ ಅದನ್ನೇ: ಒಂದು ವರ್ಷದ ಕೂಸಿಗೆ ಪರದೆ ಬೇಡ, ಎರಡರಿಂದ ನಾಲ್ಕರವರೆಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ಭಾರತೀಯ ಶಿಶುವೈದ್ಯರ ಅಕಾಡೆಮಿ ಕೂಡ 2021ರ ಮಾರ್ಗಸೂಚಿಯಲ್ಲಿ ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆಯೇ ಬೇಡವೆಂದಿತು. ಬಂಧುಗಳೊಡನೆ ಆಗೀಗ ವಿಡಿಯೋ ಕರೆಗೆ ಮಾತ್ರ ವಿನಾಯಿತಿ ಕೊಟ್ಟಿತು. ಆ ವಿನಾಯಿತಿಯನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ. ಮೊಬೈಲ್ ಮುಂದಿಟ್ಟುಕೊಂಡೇ ತುತ್ತು ನುಂಗುವ ಮಗುವಿಗಿಂತ ಕಥೆ ಕೇಳುತ್ತ ನುಂಗುವ ಮಗು ಮೇಲು. ಆದರೆ ಸೂಚನೆಯಲ್ಲಿ ಕಣ್ಣಿನ ಮಾತಿನ ಜೊತೆಗೆ ಕನ್ನಡದ ಮಾತನ್ನೂ ಸೇರಿಸಿದ್ದಾರೆ. ಪೆಟ್ಟಿಗೆ ಕಣ್ಣನ್ನು ಉಳಿಸೀತು. ಕನ್ನಡವನ್ನು ತಂದುಕೊಡುತ್ತದೆಂದು ಹೇಳಿದವರು ಯಾರು?

ನನ್ನ ಮನೆಯ ಕಥೆ ಹೇಳದೆ ಈ ವಾದ ಮುಂದುವರಿಯದು. ನನ್ನ ಹಿರಿಯ ಮಗನಿಗೆ ಈಗ ಹದಿಮೂರು. ಹುಟ್ಟಿದ್ದು ದೆಹಲಿಯಲ್ಲಿ, ಬೆಳೆದದ್ದು ಆರ್.ಕೆ. ಪುರದ ಸರ್ಕಾರಿ ಕ್ವಾರ್ಟರ್ಸಿನಲ್ಲಿ. ನಾವಿಬ್ಬರೂ ಬೆಳಿಗ್ಗೆ ಎಂಟೂವರೆಗೆ ಹೊರಟು ಸಂಜೆ ಏಳಕ್ಕೆ ಬರುವವರು. ಮಗು ಹಗಲೆಲ್ಲ ನೋಡಿಕೊಳ್ಳುವಾಕೆಯ ಹಿಂದಿ ಕೇಳಿತು, ಸಂಜೆ ಟೀವಿಯ ಹಿಂದಿ ಕೇಳಿತು. ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಹಿಂದಿಯಲ್ಲಿ ಉತ್ತರಿಸಿತು. ಮುದ್ದಾಗಿದೆಯೆಂದು ನಾವು ನಕ್ಕೆವು. ಆರು ವರ್ಷದವನಿದ್ದಾಗ ಎಲ್.ಟಿ.ಸಿ. ಹಾಕಿ ಊರಿಗೆ ಹೋದೆವು. ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಎರಡು ರಾತ್ರಿ, ಆಮೇಲೆ ಹಾವೇರಿ ಜಿಲ್ಲೆಯ ನಮ್ಮೂರಿಗೆ ಬಸ್ಸು. ನಮ್ಮವ್ವ ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡು ಗುಬ್ಬಿ-ಕಾಗೆಯ ಕಥೆ ಸುರು ಮಾಡಿದಳು. ಎರಡು ಮಾತು ಆಗುವಷ್ಟರಲ್ಲಿ ಹುಡುಗ ನನ್ನ ಕಡೆ ತಿರುಗಿ, 'ಪಾಪಾ, ದಾದೀ ಕ್ಯಾ ಬೋಲ್ ರಹೀ ಹೈ?' ಎಂದ. ಅವ್ವನಿಗೆ ಹಿಂದಿ ಬಾರದು. ಆದರೂ ಕೇಳಿದ್ದೇನೆಂದು ಅವಳಿಗೆ ತಿಳಿಯಿತು. 'ಇರ್ಲಿ ಬಿಡು, ದಣದು ಬಂದೈತಿ ಕೂಸು' ಎಂದು ಕಥೆ ಅಲ್ಲಿಗೇ ಬಿಟ್ಟಳು.

ಮಗಳು ತಡವಾಗಿ ಹುಟ್ಟಿದವಳು. ಈಗ ಎರಡೂವರೆ ವರ್ಷ. ಈ ಸಲ ಹಾಗಾಗಬಾರದೆಂದು ನಿಶ್ಚಯಿಸಿದ್ದೆ. ಅದೇ ಹೊತ್ತಿಗೆ ವಿದೇಶದಲ್ಲಿರುವ ಬಂಧುವೊಬ್ಬರು ಇಂಥದೊಂದು ಪೆಟ್ಟಿಗೆಯನ್ನು ಕಳಿಸಿದರು. ಆದ್ದರಿಂದ ನಾನು ಪೆಟ್ಟಿಗೆ ನೋಡದೆ ಮಾತಾಡುವವನಲ್ಲ.

ಈ ಯಂತ್ರಗಳ ಒಳಗುಟ್ಟು ಸರಳ. ಜರ್ಮನಿಯಲ್ಲಿ 2016ರಲ್ಲಿ ಬಂದ ಟೋನಿಬಾಕ್ಸ್ ಎಂಬುದರ ಮೇಲೆ ಪುಟ್ಟ ಬೊಂಬೆಯನ್ನಿಟ್ಟರೆ ಕಥೆ ಸುರುವಾಗುತ್ತದೆ, ಎತ್ತಿದರೆ ನಿಲ್ಲುತ್ತದೆ. ಇಂಗ್ಲೆಂಡಿನ ಯೋಟೋ ಎಂಬುದರಲ್ಲಿ ಬೊಂಬೆಯ ಬದಲು ಕಾರ್ಡು. ಮಕ್ಕಳು ಕಥೆ ಬೊಂಬೆಯೊಳಗಿದೆ ಎಂದುಕೊಳ್ಳುತ್ತಾರೆ, ನಮ್ಮಲ್ಲಿ ಅನೇಕ ದೊಡ್ಡವರೂ ಹಾಗೇ ಅಂದುಕೊಂಡಿದ್ದಾರೆ. ಬೊಂಬೆಯೊಳಗಿರುವುದು ಒಂದು ಸಣ್ಣ ಚಿಪ್ಪು, ಅದರಲ್ಲಿ ಒಂದು ಗುರುತಿನ ಸಂಖ್ಯೆ. ಬೀಗದ ಕೈ ಇದ್ದಂತೆ. ಪೆಟ್ಟಿಗೆ ಆ ಸಂಖ್ಯೆಯನ್ನೋದಿ ಇಂಟರ್ನೆಟ್ಟಿನ ಮೂಲಕ ಕಂಪನಿಯ ಉಗ್ರಾಣದಿಂದ ಕಥೆಯನ್ನು ಒಮ್ಮೆ ಇಳಿಸಿಕೊಂಡು ಇಟ್ಟುಕೊಳ್ಳುತ್ತದೆ. ಉಗ್ರಾಣದಲ್ಲಿ ಕನ್ನಡ ಇಲ್ಲದಿದ್ದರೆ ನಮ್ಮ ಬೀಗದ ಕೈಗೆ ತೆರೆಯುವ ಬಾಗಿಲೇ ಇಲ್ಲ. ನಮ್ಮ ಮನೆಗೆ ಬಂದ ಪೆಟ್ಟಿಗೆಯೊಡನೆ ಬಂದ ಕಥೆಗಳೆಲ್ಲ ಇಂಗ್ಲಿಷಿನವು. ವಾರದೊಳಗೆ ಮಗಳು ಬೊಂಬೆ ಇಡುವುದನ್ನು ಕಲಿತಳು, ಎತ್ತುವುದನ್ನು ಕಲಿತಳು, ಕರಡಿಯನ್ನು 'ಬೇರ್' ಎಂದಳು. ಅವಳ ಅಮ್ಮ ಅಡುಗೆಮನೆಯಿಂದಲೇ 'ಕರಡಿ ಅನ್ನು ಪುಟ್ಟಿ' ಎಂದರೆ, ಪುಟ್ಟಿಗೆ ಪೆಟ್ಟಿಗೆಯ ಮಾತೇ ಪ್ರಮಾಣ.

ಕನ್ನಡ ಕಥೆಗಳನ್ನೇ ತುಂಬಿದ ಪೆಟ್ಟಿಗೆ ಕೊಡೋಣ ಎನ್ನುತ್ತೀರಿ. ಆಗಲಿ. ಬಿ.ಎಸ್ಸಿ. ಓದಿ ಕಡತ ತಿದ್ದುವವನ ವಿಜ್ಞಾನ ಎಷ್ಟರದು ಎನ್ನದೆ ಒಂದು ಪ್ರಯೋಗದ ವಿಷಯ ಕೇಳಿ. ಅಮೆರಿಕದ ಸಿಯಾಟಲ್‌ನಲ್ಲಿ ಪೆಟ್ರೀಷಿಯಾ ಕೂಲ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ್ದು ಅದು. ಇಂಗ್ಲಿಷ್ ಮನೆಗಳ ಒಂಬತ್ತು ತಿಂಗಳ ಕೂಸುಗಳಿಗೆ ಚೀನೀ ಭಾಷೆಯನ್ನು ಹನ್ನೆರಡು ಬಾರಿ ಕೇಳಿಸಿದರು, ಪ್ರತಿ ಬಾರಿ ಸುಮಾರು 25 ನಿಮಿಷ. ಕೆಲವು ಕೂಸುಗಳ ಮುಂದೆ ಚೀನೀ ಭಾಷಿಕರೇ ಕುಳಿತು ಆಡಿಸುತ್ತ, ಪುಸ್ತಕ ಓದುತ್ತ ಮಾತಾಡಿದರು. ಕೆಲವಕ್ಕೆ ಅದೇ ಜನರ ಅದೇ ಮಾತನ್ನು ಟೀವಿಯಲ್ಲಿ ತೋರಿಸಿದರು. ಇನ್ನು ಕೆಲವಕ್ಕೆ ಧ್ವನಿ ಮಾತ್ರ, ಅಂದರೆ ನಮ್ಮ ಪೆಟ್ಟಿಗೆಯೇ. ಎದುರಿಗೆ ಮನುಷ್ಯರಿದ್ದ ಕೂಸುಗಳು ಆ ಭಾಷೆಯ ಧ್ವನಿಭೇದಗಳನ್ನು ಗುರುತಿಸುವಷ್ಟು ಕಲಿತವು. ಟೀವಿ ಕಂಡವು ಕಲಿಯಲಿಲ್ಲ. ಧ್ವನಿ ಮಾತ್ರ ಕೇಳಿದವೂ ಕಲಿಯಲಿಲ್ಲ. ಅದು ಒಂಬತ್ತು ತಿಂಗಳ ಕೂಸುಗಳ ಮಾತು, ಧ್ವನಿಭೇದದ ಮಾತು. ಎರಡೂವರೆ ವರ್ಷದ ಮಗುವಿಗೂ ಕಥೆಗೂ ಅದನ್ನು ಹಾಗೆಹಾಗೇ ಅನ್ವಯಿಸಲಾಗದು ಎಂಬುದನ್ನು ಮುಚ್ಚಿಡಲಾರೆ. ಆದರೆ ಪರದೆಯನ್ನು ಕಳೆದ ಮಾತ್ರಕ್ಕೆ ಭಾಷೆ ಬಂದುಬಿಡದು ಎಂಬಷ್ಟಕ್ಕೆ ಈ ಸಾಕ್ಷಿ ಸಾಕು.

'ನಾವು ರೇಡಿಯೋ ಕೇಳಿ ಬೆಳೆಯಲಿಲ್ಲವೇ?' ಎಂದು ಸಭೆಯಲ್ಲಿ ಒಬ್ಬರು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಆರಂಭಿಸಿದರು. ಅವರು ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. ನಾನೂ 1950ರಲ್ಲಿ ಸುರುವಾದ ಧಾರವಾಡ ಕೇಂದ್ರದ ಕಾರ್ಯಕ್ರಮಗಳನ್ನು ಕೇಳಿಯೇ ಬೆಳೆದವನು. ಆದರೆ ಸ್ವಾಮಿ, ಆ ರೇಡಿಯೋ ಕನ್ನಡ ಮಾತಾಡಿದ್ದು ಕನ್ನಡ ಮಾತಾಡುವ ಮನೆಯಲ್ಲಿ. ರೇಡಿಯೋ ನಿಂತ ಮೇಲೆ ಅಜ್ಜ ಮಾತಾಡುತ್ತಿದ್ದ, ಎಮ್ಮೆ ಕಾಯುವ ಹುಡುಗ ಮಾತಾಡುತ್ತಿದ್ದ, ಓಣಿಯೆಲ್ಲ ಮಾತಾಡುತ್ತಿತ್ತು. ಅಲ್ಲಿ ಅದು ನೂರು ಕನ್ನಡದ ಬಾಯಿಗಳಲ್ಲಿ ಒಂದು ಬಾಯಿ. ಆರ್.ಕೆ. ಪುರದಲ್ಲಿ ಈ ಪೆಟ್ಟಿಗೆ ಮಗುವಿನ ಏಕೈಕ ಕನ್ನಡದ ಬಾಯಿಯಾಗಬೇಕೆಂದು ಸೂಚನೆ ಬಯಸುತ್ತದೆ. ಅದಕ್ಕೆ ಬಾಯಿ ಉಂಟು, ಕಿವಿ ಇಲ್ಲ.

ಕಿವಿಯ ಮಾತು ಬಂದದ್ದರಿಂದ ಹೇಳುತ್ತೇನೆ. ನಮ್ಮ ಕಡೆ ಕಥೆ ಹೇಳುವಾಗ ಕೇಳುವವರು ಹೂಂಗುಟ್ಟಬೇಕು. ಹೂಂ ನಿಂತರೆ ಕಥೆ ನಿಲ್ಲುತ್ತದೆ. ಮಗು ಮಲಗಿತೋ, ಮನಸ್ಸು ಎತ್ತಲೋ ಹೋಯಿತೋ, ಮಾತು ತಿಳಿಯಲಿಲ್ಲವೋ ಎಂದು ಹೇಳುವವರು ಆ ಒಂದು ಹೂಂನಿಂದ ಅಳೆಯುತ್ತಾರೆ. ಮಗುವೂ ಕಥೆಯನ್ನು ಮುಂದಕ್ಕೆ ತಳ್ಳುವವರಲ್ಲಿ ಒಬ್ಬನಾಗುತ್ತದೆ. ನಮ್ಮ ಪುಟ್ಟಿ ಪೆಟ್ಟಿಗೆಗೆ ಎರಡು ದಿನ 'ಯಾಕೆ?' ಎಂದು ಕೇಳಿ ನೋಡಿದಳು. ಅದು ತನ್ನ ಪಾಡಿಗೆ ಹೇಳುತ್ತ ಹೋಯಿತು. ಮೂರನೆಯ ದಿನ ಅವಳು ಕೇಳಲಿಲ್ಲ. ನನಗೆ ಭಯವಾದದ್ದು ಅದನ್ನು ನೋಡಿ.

ಅವ್ವನಿಗೆ ಫೋನು ಮಾಡಿ, ನಿನ್ನ ಕಥೆಗಳನ್ನು ಧ್ವನಿಮುದ್ರಿಸಿ ಪೆಟ್ಟಿಗೆಗೆ ತುಂಬುತ್ತೇನೆ ಎಂದೆ. 'ಕಥಿ ಹೇಳಾಕ ಪೆಟಗಿ ಯಾಕ ಬೇಕೋ ತಮ್ಮಾ? ಹೂಂ ಅನ್ನಾವ್ರ ಇಲ್ಲಂದ್ರ ನಾ ಯಾರಿಗೆ ಹೇಳ್ಲಿ?' ಎಂದಳು. ಕೊನೆಗೆ ರಜೆ ಹಾಕಿ ಊರಿಗೆ ಹೋಗಿ ಎದುರು ಕುಳಿತೆ. ಪ್ರತಿ ಮಾತಿಗೂ ನಿಂತು ನನ್ನ ಮುಖ ನೋಡುತ್ತಿದ್ದಳು. ನಲವತ್ತಾರು ವರ್ಷದ ನಾನು ಹೂಂ, ಹೂಂ ಎನ್ನುತ್ತಿದ್ದೆ. ನಾಲ್ಕು ಸಂಜೆಗಳಲ್ಲಿ ಹನ್ನೊಂದು ಕಥೆಗಳಾದವು. ಕಾಗೆಯ ಸಗಣಿಯ ಮನೆ ಮಳೆಗೆ ಕೊಚ್ಚಿಹೋಗುವುದು, ಗುಬ್ಬಿ ಬಾಗಿಲು ತೆರೆಯಲು ನೂರೆಂಟು ನೆಪ ಹೇಳುವುದು ಎಲ್ಲ ಉಂಟು. ನನ್ನ ಹೆಂಡತಿಯ ತವರಿನ ಕಡೆ ಅದು ಮಣ್ಣಿನ ಮನೆಯಂತೆ; ಆ ತಕರಾರು ಇನ್ನೂ ಇತ್ಯರ್ಥವಾಗಿಲ್ಲ.

ಲೆಕ್ಕ ಹಾಕಿ. ಮಾತಿಗೆ ಸಾಕಾಗುವ ಗುಣಮಟ್ಟದಲ್ಲಿ, ಸೆಕೆಂಡಿಗೆ 64 ಕಿಲೋಬಿಟ್‌ನಂತೆ, ಒಂದು ಗಂಟೆಯ ಕಥೆಗೆ 29 ಮೆಗಾಬೈಟ್ ಸಾಲದು ಎನ್ನಿಸದು. 32 ಗಿಗಾಬೈಟಿನ ಉಗುರಿನಷ್ಟು ಕಾರ್ಡಿನಲ್ಲಿ ಸಾವಿರ ಗಂಟೆ ಮೀರಿ ಹಿಡಿಯುತ್ತದೆ. ನಮ್ಮ ಸಂಘದ ಎಲ್ಲ ಅಜ್ಜಿಯರ ಎಲ್ಲ ಕಥೆಗಳಿಗೂ ಒಂದು ಕಾರ್ಡು ಸಾಕು. ಅದನ್ನು ನುಡಿಸಲು ಸಾಮಾನ್ಯ ಸ್ಪೀಕರ್ ಸಾಕು. ಪೆಟ್ಟಿಗೆಯನ್ನೇ ಕೊಳ್ಳುವವರು ನಮ್ಮ ಸ್ವಂತ ಧ್ವನಿಯನ್ನು ತುಂಬಲು ಬರುತ್ತದೆಯೇ ಎಂದು ಮೊದಲು ಕೇಳಬೇಕು. ನಾನು ಹೆಸರಿಸಿದ ಎರಡರಲ್ಲೂ ಬರುತ್ತದೆ. ಟೋನಿಬಾಕ್ಸಿನ ಅಂಥ ಬೊಂಬೆಗೆ 90 ನಿಮಿಷ ತುಂಬಬಹುದು. ಅಂಗಡಿಯವರು ಬಣ್ಣದ ಮಾತು ಹೇಳುತ್ತಾರೆ, ನೀವು ತಿರುಗಿಸಿ ಬ್ಯಾಟರಿ ನೋಡಿ. ನಾಣ್ಯದಾಕಾರದ ಬ್ಯಾಟರಿಯಾಗಿದ್ದರೆ, ಅದರ ಮುಚ್ಚಳಕ್ಕೆ ಸ್ಕ್ರೂ ಇಲ್ಲದಿದ್ದರೆ, ಅಲ್ಲೇ ಬಿಟ್ಟು ಬನ್ನಿ. ಮಗು ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳವನ್ನು ಸುಡಬಲ್ಲದು. ಕಿವಿಗೆ ಇಯರ್‌ಫೋನ್ ಬೇಡವೇ ಬೇಡ. ಮಕ್ಕಳಿಗೆ ವಾರಕ್ಕೆ 40 ಗಂಟೆ ಕೇಳುವುದಾದರೆ 75 ಡೆಸಿಬೆಲ್ ಮಿತಿಯೆಂದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಪೆಟ್ಟಿಗೆಯ ದೂರವನ್ನು ಇಮ್ಮಡಿ ಮಾಡಿದರೆ ಬಯಲಿನಲ್ಲಿ 6 ಡೆಸಿಬೆಲ್ ಇಳಿಯುತ್ತದೆ, ಕೋಣೆಯಲ್ಲಿ ಸ್ವಲ್ಪ ಕಡಿಮೆ. ತಲೆದಿಂಬಿನ ಪಕ್ಕದಿಂದ ಎತ್ತಿ ಕಪಾಟಿನ ಮೇಲಿಟ್ಟರೆ ಖರ್ಚಿಲ್ಲದ ರಕ್ಷಣೆ.

ಈಗ ಅವ್ವನ ಕಥೆಗಳು ನಮ್ಮ ಮನೆಯಲ್ಲಿ ರಾತ್ರಿ ಎಂಟೂವರೆಗೆ ಸುರುವಾಗುತ್ತವೆ. ಆ ಧ್ವನಿಮುದ್ರಣದಲ್ಲಿ ನನ್ನ ಹೂಂ ಕೇಳುತ್ತದೆ, ಅದರ ಜೊತೆ ಪುಟ್ಟಿಯೂ ಹೂಂ ಎನ್ನುತ್ತಾಳೆ. ನಾನು ಪಕ್ಕದಲ್ಲಿ ಕುಳಿತಿದ್ದರೆ ಮಾತ್ರ. ಎದ್ದುಹೋದರೆ ಐದು ನಿಮಿಷಕ್ಕೆ ಅವಳೂ ಎದ್ದು ಬರುತ್ತಾಳೆ. ಅವ್ವ ಪಾಪ ಖಾಲಿ ಕೋಣೆಗೆ ಕಥೆ ಹೇಳುತ್ತಿರುತ್ತಾಳೆ. ಭಾನುವಾರ ವಿಡಿಯೋ ಕರೆ ಮಾಡುತ್ತೇವೆ. ಶಿಶುವೈದ್ಯರು ಕೊಟ್ಟ ವಿನಾಯಿತಿ ಅದಕ್ಕೇ. ಅಲ್ಲಿ ಅಜ್ಜಿ ನಿಜವಾಗಿ ನಿಲ್ಲುತ್ತಾಳೆ, ನಿಜವಾಗಿ ಕಾಯುತ್ತಾಳೆ.

ಎ.ಕೆ. ರಾಮಾನುಜನ್ ಸಂಗ್ರಹಿಸಿದ ಒಂದು ಕನ್ನಡ ಜನಪದ ಕಥೆಯುಂಟು. ಗಿರೀಶ ಕಾರ್ನಾಡರ 1988ರ 'ನಾಗಮಂಡಲ'ದ ಮೂಲದಲ್ಲೂ ಅದರ ಎಳೆಯಿದೆ. ಒಬ್ಬ ಹೆಂಗಸಿಗೆ ಒಂದು ಕಥೆ, ಒಂದು ಹಾಡು ಬರುತ್ತಿತ್ತು; ಯಾರಿಗೂ ಹೇಳದೆ ಇಟ್ಟುಕೊಂಡಿದ್ದಳು. ಉಸಿರುಕಟ್ಟಿದ ಅವು ಅವಳ ಬಾಯಿಂದ ಹಾರಿ ಹೊರಬಂದು, ಒಂದು ಬಾಗಿಲಲ್ಲಿ ಚಪ್ಪಲಿಯಾಗಿ ನಿಂತಿತು, ಇನ್ನೊಂದು ಗೂಟಕ್ಕೆ ಅಂಗಿಯಾಗಿ ತೂಗಿತು. ಬಂದ ಗಂಡ 'ಯಾರ ಚಪ್ಪಲಿ ಇದು?' ಎಂದು ಜಗಳ ತೆಗೆದ. ನಮ್ಮ ಮನೆಗಳಲ್ಲೂ ಹದಿಮೂರರ ಮಗ ಅಜ್ಜಿಯೆದುರು ಮೂಕನಾಗಿ ಕೂರುವ ದಿನ ಗಂಡಹೆಂಡಿರ ನಡುವೆ ಜಗಳವಾಗುತ್ತದೆ. ತಪ್ಪು ಯಾರದೆಂದು ಇಬ್ಬರಿಗೂ ಗೊತ್ತು.

ಕನ್ನಡ ತರಗತಿಗೆ ಮಕ್ಕಳು ಬರುತ್ತಿಲ್ಲವೆಂದರೆ ಅದನ್ನು ಏಳರಿಂದ ಹದಿನಾಲ್ಕರವರಿಗೆಂದು, ಕಪ್ಪುಹಲಗೆಯ ಮೇಲೆ ಕಾಗುಣಿತ ಬರೆದು ನಡೆಸುತ್ತಿರುವುದೂ ಒಂದು ಕಾರಣ. ಎರಡು ಮೂರು ವರ್ಷದ ಕೂಸುಗಳನ್ನು ಚಾಪೆಯ ಮೇಲೆ ಕೂರಿಸಿ ಸಂಘದ ನಿವೃತ್ತ ಹಿರಿಯರು ಕಥೆ ಹೇಳಲಿ. ಭಾನುವಾರ ಇಸ್ಪೀಟಿಗೆ ಬರುವ ಹಿರಿಯರಿಗೆ ನಮ್ಮಲ್ಲಿ ಕೊರತೆಯಿಲ್ಲ. ಪೆಟ್ಟಿಗೆ ಬೇಕೆನ್ನುವವರು ತಮ್ಮ ಹಣದಲ್ಲಿ ಕೊಳ್ಳಲಿ, ನಾನೂ ಬಳಸುತ್ತಿದ್ದೇನೆ. ಆದರೆ ತರಗತಿಯ ಹಣವನ್ನು ಪೆಟ್ಟಿಗೆಗೆ ವರ್ಗಾಯಿಸುವುದಕ್ಕೆ ನನ್ನ ಲಿಖಿತ ವಿರೋಧವನ್ನು ಕಾರ್ಯದರ್ಶಿಗಳಿಗೆ ಕೊಟ್ಟಿದ್ದೇನೆ. ಮುಂದಿನ ಸಭೆಯಲ್ಲಿ ಈ ವಿಷಯವನ್ನು ಕಾಫಿಗೆ ಮೊದಲು ತೆಗೆದುಕೊಳ್ಳಬೇಕೆಂದೂ ಅದರಲ್ಲಿ ಬರೆದಿದ್ದೇನೆ.