ಸಂಗೀತ ಶಿಕ್ಷಕರ ಹುದ್ದೆ ಎಲ್ಲಿ?

ವಿದ್ಯೆ ಕಲಿಸಿ ಕೆಲಸ ಕೊಡದಿರುವುದು ನಮ್ಮ ಸರಕಾರಗಳ ಹಳೆಯ ಚಾಳಿ. ಸಂಗೀತ ಕಲಿತವರ ಪಾಡನ್ನು ನೋಡಿ. ಜೂನಿಯರ್, ಸೀನಿಯರ್, ವಿದ್ವತ್ ಎಂದು ಸರಕಾರವೇ ಪರೀಕ್ಷೆಗಳನ್ನು ಏರ್ಪಡಿಸಿದೆ. ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ ಅವರ ಹೆಸರಿನ ವಿಶ್ವವಿದ್ಯಾಲಯವೇ ಇದೆ. ಆದರೆ ಪ್ರಮಾಣಪತ್ರ ಹಿಡಿದ ತರುಣ ತರುಣಿಯರು ಪ್ರೌಢಶಾಲೆಯ ಬಾಗಿಲಿಗೆ ಹೋದರೆ ಬಹುತೇಕ ಕಡೆ ಸಿಗುವುದು ಒಂದೇ ಉತ್ತರ: ಹುದ್ದೆ ಇಲ್ಲ.

2009ರ ಶಿಕ್ಷಣ ಹಕ್ಕು ಕಾಯಿದೆ ಆರರಿಂದ ಎಂಟನೆಯ ತರಗತಿಯವರೆಗೆ, ಅದೂ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ, ಕಲಾ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರಿರಬೇಕೆಂದಿತು. ಒಂಬತ್ತು, ಹತ್ತನೆಯ ತರಗತಿಗಳನ್ನು ಹೊರಗೇ ಬಿಟ್ಟಿತು. ಕಲೆ ಬೇರೆ, ಪಾಠ ಬೇರೆ ಎಂಬ ಭೇದ ಬೇಡವೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಉಪದೇಶಿಸಿತು. ಉಪದೇಶಕ್ಕೆ ಖರ್ಚಿಲ್ಲ, ಹುದ್ದೆಗೆ ಸಂಬಳ ಕೊಡಬೇಕು. ಇನ್ನು ಅರೆಕಾಲಿಕವೆಂದರೇನೆಂದು ಗಿರಣಿಯ ಬದಲಿ ಕಾರ್ಮಿಕನಿಗೆ ಯಾರೂ ವಿವರಿಸಬೇಕಾಗಿಲ್ಲ.

ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ಕಟ್ಟಿದ ಪಂಚಾಕ್ಷರಿ ಗವಾಯಿಗಳು 1944ರಲ್ಲಿ ತೀರಿಕೊಂಡರು. ಮುಂದೆ ಪುಟ್ಟರಾಜ ಗವಾಯಿಗಳು 2010ರಲ್ಲಿ ತಾವು ತೀರಿಕೊಳ್ಳುವವರೆಗೂ ಅದನ್ನು ನಡೆಸಿದರು. ಇಬ್ಬರೂ ಕಣ್ಣಿಲ್ಲದವರು. ಅಂಧ ಮಕ್ಕಳಿಗೆ, ಬಡ ಮಕ್ಕಳಿಗೆ ಅನ್ನವಿಟ್ಟು ಸಂಗೀತ ಕಲಿಸಿದರು. ಇದಕ್ಕೆ ಕೈನೀಡಿದವರು ಸಾಮಾನ್ಯ ಜನ. ಜನ ತಮ್ಮ ಪಾಲಿನ ಕೆಲಸ ಮಾಡಿದ್ದಾರೆ, ಸರಕಾರ ಮಾಡಿದೆಯೇ? 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಸರಕಾರಿ ಹುದ್ದೆಗಳಲ್ಲಿ ಶೇಕಡಾ 4ನ್ನು ಮೀಸಲಿಟ್ಟು, ಅದರಲ್ಲಿ 1ನ್ನು ದೃಷ್ಟಿಹೀನರಿಗೆ ಕೊಟ್ಟಿದೆ. ಹುದ್ದೆಯೇ ಇಲ್ಲದ ಕಡೆ ಶೇಕಡಾ 1 ಎಂದರೆ ಸೊನ್ನೆ.

ಹೊಟ್ಟೆಗಿಲ್ಲದವರಿಗೆ ಹಾಡೇಕೆ ಎಂದು ಕೇಳುವ ದೊಡ್ಡವರಿದ್ದಾರೆ. ಅವರ ಮಕ್ಕಳಿಗೆ ಮನೆಗೇ ಬಂದು ಪಾಠ ಹೇಳುವ ಮೇಷ್ಟ್ರಿದ್ದಾರೆ! ದುಡಿಯುವವರ ಕೇರಿಗಳಲ್ಲಿ ಭಜನೆ, ತತ್ವಪದ, ಡೊಳ್ಳು ಎಂದೂ ಸಿರಿವಂತರ ಸೊತ್ತಾಗಿರಲಿಲ್ಲ. ಶಾಸ್ತ್ರೀಯವಾಗಿ ಕಲಿಯುವ ಅವಕಾಶ ಮಾತ್ರ ಫೀ ಕೊಡಬಲ್ಲವರ ಪಾಲಾಗಿದೆ. ಗಿರಣಿ ಕಾರ್ಮಿಕನ ಮಗಳಿಗೆ, ಕಿರಾಣಿ ಅಂಗಡಿಯವನ ಮಗನಿಗೆ ಸರಕಾರಿ ಶಾಲೆಯೊಂದೇ ದಾರಿ. ಅಲ್ಲಿ ಶಿಕ್ಷಕರ ಹುದ್ದೆ ಇಲ್ಲದಿದ್ದರೆ ಕಲಿತವರಿಗೆ ಕೆಲಸವಿಲ್ಲ, ಕಲಿಯಬೇಕಾದವರಿಗೆ ಗುರುವಿಲ್ಲ.

ನಮ್ಮ ಬೇಡಿಕೆ ಸ್ಪಷ್ಟ. ಪ್ರತಿ ಸರಕಾರಿ ಪ್ರೌಢಶಾಲೆಗೆ ಒಂದು ಕಾಯಂ ಸಂಗೀತ ಶಿಕ್ಷಕ ಹುದ್ದೆ ಮಂಜೂರಾಗಬೇಕು. ಚಿಕ್ಕ ಶಾಲೆಗಳಾದರೆ ಎರಡಕ್ಕೆ ಒಬ್ಬರಾದರೂ ಇರಲಿ. ಗೌರವಧನದ ಹೆಸರಿನ ಅರೆಹೊಟ್ಟೆಯ ನೇಮಕ ನಿಲ್ಲಬೇಕು. ಆಶ್ರಮಗಳಲ್ಲಿ, ಗುರುಗಳ ಮನೆಯಲ್ಲಿ ಕಲಿತು ವಿದ್ವತ್ ಮುಗಿಸಿದವರಿಗೆ ಬೋಧನಾ ತರಬೇತಿಯನ್ನು ಸರಕಾರವೇ ಕೊಡಬೇಕು.

ಓದುಗರು ತಮ್ಮ ಮಕ್ಕಳ ಶಾಲಾಭಿವೃದ್ಧಿ ಸಮಿತಿಯ ಮುಂದಿನ ಸಭೆಯಲ್ಲಿ ಈ ಮಾತನ್ನು ಎತ್ತಲಿ. ಠರಾವು ಮಾಡಿಸಿ ಶಾಸಕರ ಕೈಗೆ ಕೊಡಲಿ. ಕೇಳದೆ ಬಂದ ಹಕ್ಕು ಯಾವುದೂ ಇಲ್ಲ.