ಮಿತವ್ಯಯದ ಮದುವೆ: ಅಪರಿಗ್ರಹದ ಮೊದಲ ಪಾಠ

ವಿವಾಹವು ಗೃಹಸ್ಥಾಶ್ರಮದ ಹೊಸ್ತಿಲು. ಜೈನಧರ್ಮವು ಮುನಿಗಳಿಗೆ ಮಹಾವ್ರತಗಳನ್ನು ವಿಧಿಸಿದಂತೆ ಶ್ರಾವಕರಿಗೆ ಅಣುವ್ರತಗಳನ್ನು ವಿಧಿಸಿದೆ. ಅಹಿಂಸೆ, ಸತ್ಯ, ಅಚೌರ್ಯ, ಬ್ರಹ್ಮಚರ್ಯ, ಪರಿಗ್ರಹ ಪರಿಮಾಣ ಎಂಬ ಈ ಐದೂ ಮನೆ ಕಟ್ಟಿಕೊಂಡು ಬದುಕುವವರಿಗಾಗಿಯೇ ಹೇಳಿದ ವ್ರತಗಳು. ನಾಲ್ಕನೆಯ ವ್ರತವು ಗೃಹಸ್ಥನ ಪಾಲಿಗೆ ಸ್ವದಾರ ಸಂತೋಷದ ರೂಪದಲ್ಲಿರುವುದರಿಂದ ವಿವಾಹವೇ ಅದರ ಬಾಗಿಲು. ಹೀಗಿರುವಾಗ, ಮಿತಿಯ ಬದುಕನ್ನು ಆರಂಭಿಸುವ ದಿನದಂದೇ ನಾವು ಎಲ್ಲ ಮಿತಿಗಳನ್ನೂ ಮೀರುತ್ತಿದ್ದೇವೆ ಎಂಬುದು ಪ್ರತಿಯೊಬ್ಬ ಶ್ರಾವಕನೂ ಯೋಚಿಸಬೇಕಾದ ಸಂಗತಿ.

ಶಿಕ್ಷಕ ವೃತ್ತಿಯಲ್ಲಿದ್ದವರಿಗೆ ಈ ಅತಿವ್ಯಯದ ಮತ್ತೊಂದು ಮುಖ ಬೇಗನೆ ಕಾಣುತ್ತದೆ. ಮದುವೆಯ ಸಾಲವನ್ನು ತಂದೆಯೊಬ್ಬನೇ ತೀರಿಸುವುದಿಲ್ಲ. ಅಕ್ಕನ ಮದುವೆಯಾದ ವರ್ಷ ತಮ್ಮನು ಕಾಲೇಜು ಬಿಟ್ಟು ಅಂಗಡಿ ಸೇರುತ್ತಾನೆ. ತಂಗಿಯ ನರ್ಸಿಂಗ್ ಓದು 'ಮುಂದಿನ ವರ್ಷ ನೋಡೋಣ' ಎಂಬ ಮಾತಿಗೆ ಬಂದು ನಿಲ್ಲುತ್ತದೆ. ಹಾಜರಿ ಪುಸ್ತಕದಲ್ಲಿ ಇಂತಹ ಹೆಸರುಗಳನ್ನು ಹೊಡೆದುಹಾಕುವಾಗ ಅದರ ಹಿಂದೆ ಒಂದು ಮಂಟಪದ ಅಲಂಕಾರವಿತ್ತೆಂದು ಯಾರೂ ಬರೆದಿಡುವುದಿಲ್ಲ. ಮೂರು ಗಂಟೆಗಳಲ್ಲಿ ಬಾಡುವ ಹೂವಿಗೆ ಒಂದು ಮಗುವಿನ ಮೂರು ವರ್ಷಗಳ ವಿದ್ಯೆಯನ್ನು ತೆತ್ತರೆ, ಅದನ್ನು ಸಂಭ್ರಮವೆಂದು ಕರೆಯಲು ನಾಲಿಗೆ ಹಿಂಜರಿಯಬೇಕು.

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಪರಿಗ್ರಹವನ್ನು ವಸ್ತುವಿನ ಲೆಕ್ಕದಿಂದ ಅಳೆಯುವುದಿಲ್ಲ; ವಸ್ತುವಿನ ಮೇಲಿನ ಮೂರ್ಛೆಯಿಂದ, ಎಂದರೆ ಮಮತ್ವದಿಂದ ಅಳೆಯುತ್ತಾರೆ. ಅದೇ ಅಧ್ಯಾಯದಲ್ಲಿ ಅನರ್ಥದಂಡ ವಿರತಿ ಎಂಬ ಗುಣವ್ರತದ ದೋಷಗಳನ್ನು ಎಣಿಸುವಾಗ, ಬೇಕಾದುದಕ್ಕಿಂತ ಹೆಚ್ಚಾಗಿ ಭೋಗಸಾಮಗ್ರಿಯನ್ನು ಕೂಡಿಹಾಕುವುದೂ ಒಂದು ಅತಿಚಾರವೆಂದು ಹೇಳಲಾಗಿದೆ. ಅನರ್ಥದಂಡವೆಂದರೆ ಪ್ರಯೋಜನವಿಲ್ಲದೆ ಉಂಟುಮಾಡುವ ಹಿಂಸೆ. ಗೃಹಸ್ಥನು ಅಡುಗೆ ಮಾಡಬೇಕು, ನೀರು ಬಳಸಬೇಕು, ಮನೆ ಕಟ್ಟಬೇಕು. ಅಲ್ಲಿ ಆಗುವ ಸೂಕ್ಷ್ಮ ಹಿಂಸೆ ಅನಿವಾರ್ಯ. ಆದರೆ ಉಣ್ಣದೆ ಬಿಸಾಡುವ ಅನ್ನ, ಯಾರೂ ನೋಡದ ತೋರಣ, ಒಮ್ಮೆ ಉಟ್ಟು ಪೆಟ್ಟಿಗೆಗೆ ಸೇರುವ ವಸ್ತ್ರ, ಇವುಗಳಿಗೆ ಯಾವ ಅನಿವಾರ್ಯತೆಯ ಆಸರೆ ಇದೆ?

ಇಪ್ಪತ್ತೆರಡನೆಯ ತೀರ್ಥಂಕರರಾದ ನೇಮಿನಾಥರ ಕಥೆ ಎಲ್ಲರಿಗೂ ತಿಳಿದದ್ದೇ. ರಾಜೀಮತಿಯನ್ನು ವರಿಸಲು ದಿಬ್ಬಣದಲ್ಲಿ ಬರುತ್ತಿದ್ದ ಕುಮಾರನಿಗೆ ಕೂಡಿಹಾಕಿದ್ದ ಪ್ರಾಣಿಗಳ ಆರ್ತನಾದ ಕೇಳಿಸಿತು. ತನ್ನ ಮದುವೆಯ ಔತಣವೇ ಅದಕ್ಕೆ ಕಾರಣವೆಂದು ತಿಳಿದೊಡನೆ ರಥವನ್ನು ಹಿಂದಿರುಗಿಸಿ, ಊರ್ಜಯಂತಗಿರಿಗೆ, ಎಂದರೆ ಇಂದಿನ ಗಿರಿನಾರಿಗೆ ತೆರಳಿ ದೀಕ್ಷೆ ವಹಿಸಿದನು. ನಾವೆಲ್ಲರೂ ರಥವನ್ನು ಹಿಂದಿರುಗಿಸಬೇಕಾಗಿಲ್ಲ. ಪ್ರಥಮ ತೀರ್ಥಂಕರ ವೃಷಭದೇವರೂ ವಿವಾಹವಾಗಿ, ರಾಜ್ಯವಾಳಿ, ಬಳಿಕವೇ ತಪಸ್ಸಿಗೆ ಹೋದವರು. ಆದರೆ ದಿಬ್ಬಣದ ವಾದ್ಯದ ನಡುವೆಯೂ ಆ ಆರ್ತನಾದವನ್ನು ಕೇಳುವ ಕಿವಿ ನಮಗಿರಬೇಕು. ನಮ್ಮ ಮದುವೆಯ ವೆಚ್ಚವನ್ನು ನಮ್ಮ ಹೊರತು ಮತ್ತಾರು ತೆರುತ್ತಿದ್ದಾರೆ ಎಂಬ ಪ್ರಶ್ನೆಯೇ ಆ ಕಿವಿ.

ಇನ್ನು ಕಾರ್ಯಕ್ಕೆ ಬರೋಣ. ಸುಂದರವಾದ ಮದುವೆಯನ್ನು ಕಡಿಮೆ ಖರ್ಚಿನಲ್ಲಿ, ಮನೆಯವರ ಕೈಯಿಂದಲೇ ನಡೆಸುವುದು ಕಷ್ಟವಲ್ಲ. ಮೊದಲು ಒಂದು ನೋಟುಪುಸ್ತಕದಲ್ಲಿ ಮೂರು ಅಂಕಣಗಳನ್ನು ಎಳೆಯಿರಿ. ಮೊದಲನೆಯದರಲ್ಲಿ, ಯಾವುದಿಲ್ಲದೆ ಮದುವೆಯೇ ಆಗದೋ ಅವನ್ನು ಬರೆಯಿರಿ: ಜಿನಪೂಜೆ, ಹೋಮ, ಸಪ್ತಪದಿ, ಮಾಂಗಲ್ಯ, ನೋಂದಣಿ. ಎರಡನೆಯದರಲ್ಲಿ ಅತಿಥಿಗಳ ನೆಮ್ಮದಿಗೆ ಬೇಕಾದವು: ಊಟ, ಶೋಧಿಸಿದ ನೀರು, ನೆರಳು, ವೃದ್ಧರಿಗೆ ಕುರ್ಚಿ. ಮೂರನೆಯದರಲ್ಲಿ ನೋಡುವವರ ಕಣ್ಣಿಗಾಗಿ ಮಾಡುವವು. ಬರೆದು ಮುಗಿಸಿದಾಗ ಮೊದಲ ಅಂಕಣವು ಅತ್ಯಂತ ಚಿಕ್ಕದಾಗಿಯೂ ಮೂರನೆಯದು ಅತ್ಯಂತ ಉದ್ದವಾಗಿಯೂ ಇರುವುದು ಕಾಣುತ್ತದೆ. 1955ರ ಹಿಂದೂ ವಿವಾಹ ಕಾಯಿದೆ ಜೈನರಿಗೂ ಅನ್ವಯಿಸುತ್ತದೆ. ಅದು ಕೇಳುವುದು ರೂಢಿಯ ವಿಧಿಗಳನ್ನೇ ಹೊರತು ಕಲ್ಯಾಣಮಂಟಪವನ್ನಲ್ಲ. ಒಂದೇ ನಿಯಮ ಸಾಕು: ಮೂರನೆಯ ಅಂಕಣಕ್ಕೆ ಸಾಲದ ಹಣದ ಒಂದು ರೂಪಾಯಿಯೂ ಹೋಗಕೂಡದು.

ಎರಡನೆಯದು ಅತಿಥಿಗಳ ಸಂಖ್ಯೆ. ಖರ್ಚಿನ ಬೇರು ಇರುವುದು ಇಲ್ಲಿಯೇ. ಒಂದು ಊಟಕ್ಕೆ 250 ರೂಪಾಯಿ ಎಂದು ಇಟ್ಟುಕೊಂಡರೆ 800 ಜನರಿಗೆ 2 ಲಕ್ಷ ರೂಪಾಯಿಯಾಗುತ್ತದೆ. 300 ಜನರಿಗೆ 75 ಸಾವಿರ. ಸಭಾಂಗಣದ ಗಾತ್ರ, ಕುರ್ಚಿ, ಪಾತ್ರೆ, ಬಡಿಸುವವರ ಕೂಲಿ ಎಲ್ಲವೂ ಈ ಸಂಖ್ಯೆಯ ಬೆನ್ನಿಗೇ ಏರುತ್ತವೆ, ಇಳಿಯುತ್ತವೆ. ವಧೂವರರನ್ನು ಹೆಸರು ಹಿಡಿದು ಕರೆಯಬಲ್ಲವರು ಯಾರೆಂದು ಎಣಿಸಿದರೆ ಪಟ್ಟಿ ತಾನಾಗಿಯೇ ಅರ್ಧಕ್ಕೆ ಇಳಿಯುತ್ತದೆ. ಉಳಿದವರಿಗೆ ಮದುವೆಯಾದ ಮೇಲೆ ದಂಪತಿಗಳು ಬಸದಿಗೆ ಬಂದ ದಿನ ಸಿಹಿ ಹಂಚಿದರೆ ಸಾಕು.

ಮೂರನೆಯದು ಕಾಲ. ಸೂರ್ಯಾಸ್ತದೊಳಗೆ ಊಟ ಮುಗಿಸುವ ನಮ್ಮ ನಿಯಮವು ಈ ವಿಷಯದಲ್ಲಿ ದೊಡ್ಡ ಉಪಕಾರಿ. ಬೆಳಗಿನ ಮುಹೂರ್ತ, ಮಧ್ಯಾಹ್ನದ ಊಟ, ಸಂಜೆಯೊಳಗೆ ಬೀಳ್ಕೊಡುಗೆ ಎಂದಾದರೆ ದೀಪಾಲಂಕಾರವೂ ಬೇಡ, ಜನರೇಟರೂ ಬೇಡ, ಎರಡನೆಯ ದಿನದ ಬಾಡಿಗೆಯೂ ಬೇಡ. ಪ್ರಖರ ದೀಪಗಳಿಗೆ ಮುತ್ತಿ ಸಾಯುವ ಸಾವಿರಾರು ಹುಳುಗಳ ಪ್ರಾಣವೂ ಉಳಿಯುತ್ತದೆ. ರಾತ್ರಿಯ ಆರತಕ್ಷತೆ ಎಂಬುದು ನಮ್ಮ ಆಚಾರದ ಭಾಗವೇ ಅಲ್ಲ.

ಆಮಂತ್ರಣ ಪತ್ರಿಕೆಯನ್ನು ಮನೆಯಲ್ಲಿಯೇ ಸಿದ್ಧಪಡಿಸಬಹುದು. ಮನೆಯಲ್ಲಿ ಅಕ್ಷರ ದುಂಡಾಗಿರುವವರು ಒಬ್ಬರಿದ್ದೇ ಇರುತ್ತಾರೆ. ಅವರಿಂದ ಒಂದು ಪುಟ ಬರೆಯಿಸಿ, ಮೇಲ್ಭಾಗದಲ್ಲಿ ಸ್ವಸ್ತಿಕವನ್ನೋ ಅಷ್ಟಮಂಗಲಗಳಲ್ಲಿ ಒಂದನ್ನೋ ಚಿತ್ರಿಸಿ, ಮರುಬಳಕೆಯ ಕಾಗದದ ಮೇಲೆ ನಕಲು ತೆಗೆಸಿ, ಅರಿಶಿನದ ದಾರದಿಂದ ಕಟ್ಟಿರಿ. ಮುದ್ರಿತ ಪತ್ರಿಕೆಗಿಂತ ಹತ್ತುಪಟ್ಟು ಕಾಲ ಜನರು ಅದನ್ನು ಕಾಪಾಡಿಕೊಳ್ಳುತ್ತಾರೆ. ಆಮಂತ್ರಣ ಪತ್ರಿಕೆಗೆ ಸುತ್ತುವ ಪ್ಲಾಸ್ಟಿಕ್ ಹಾಳೆ, ಅಲಂಕಾರದ ಥರ್ಮಾಕೋಲ್, ಪ್ಲಾಸ್ಟಿಕ್ ತಟ್ಟೆ ಲೋಟಗಳು 2022ರ ಜುಲೈ 1ರಿಂದ ದೇಶದಾದ್ಯಂತ ನಿಷಿದ್ಧವಾಗಿವೆ ಎಂಬುದೂ ನೆನಪಿರಲಿ.

ಮಂಟಪದ ವಿಷಯ. ನಾಲ್ಕು ಬಾಳೆಕಂದುಗಳು, ಮಾವಿನ ತಳಿರು, ಹಿಂಗಾರ, ಹೆಣೆದ ತೆಂಗಿನ ಗರಿ ಇವು ನಮ್ಮ ನಾಡಿನ ಹಳೆಯ ಅಲಂಕಾರ. ಇಂದಿನ ಯಾವ ದುಬಾರಿ ಅಲಂಕಾರವೂ ಇದಕ್ಕಿಂತ ಚೆಲುವಾಗಿಲ್ಲ. ಹಿನ್ನೆಲೆಗೆ ಅಜ್ಜಿಯ, ತಾಯಿಯ, ಅತ್ತೆಯ ಹಳೆಯ ಸೀರೆಗಳನ್ನು ನೆರಿಗೆ ಹಿಡಿದು ಇಳಿಬಿಡಿ. ಬಣ್ಣಕ್ಕೆ ಬಣ್ಣ, ಆಶೀರ್ವಾದಕ್ಕೆ ಆಶೀರ್ವಾದ. ಕೊಯ್ದ ಹೂವಿನ ಬದಲು ತುಳಸಿ, ಸೇವಂತಿಗೆ, ಕನಕಾಂಬರದ ಕುಂಡಗಳನ್ನು ಸಾಲಾಗಿ ಇಟ್ಟರೆ, ಮದುವೆಯ ನಂತರ ಅವೇ ಬಂಧುಗಳಿಗೆ ಉಡುಗೊರೆಯಾಗುತ್ತವೆ. ನಾಲ್ಕು ಮನೆಗಳಿಂದ ಹಿತ್ತಾಳೆಯ ದೀಪಗಳನ್ನು ಎರವಲು ತಂದು, ಪ್ರತಿಯೊಂದರ ತಳದಲ್ಲಿ ಮನೆಯವರ ಹೆಸರಿನ ಚೀಟಿ ಅಂಟಿಸಿ. ರಂಗೋಲಿಯ ವಿಷಯದಲ್ಲಿ ಒಂದು ಎಚ್ಚರಿಕೆ: ಅಕ್ಕಿಹಿಟ್ಟಿನ ರಂಗೋಲಿಗೆ ಇರುವೆಗಳು ಬರುತ್ತವೆ. ಜನರು ತುಳಿಯುವ ದಾರಿಯಲ್ಲಿ ಕಲ್ಲಿನ ಪುಡಿಯನ್ನೇ ಬಳಸಿ, ಹಿಟ್ಟಿನ ರಂಗೋಲಿಯನ್ನು ಅಂಗಳದ ಅಂಚಿನಲ್ಲಿಡಿ.

ವಸ್ತ್ರದ ಪ್ರಶ್ನೆ ಸೂಕ್ಷ್ಮವಾದದ್ದು. ರೇಷ್ಮೆಯ ನೂಲು ತೆಗೆಯಲು ಗೂಡಿನೊಳಗಿನ ಜೀವವನ್ನು ಬಿಸಿಯಿಂದ ಕೊಲ್ಲುತ್ತಾರೆ. ಒಂದು ಸೀರೆಗೆ ಇಂತಹ ಸಾವಿರಾರು ಗೂಡುಗಳು ಬೇಕು. ತ್ರಸಜೀವಿಗಳ ಹಿಂಸೆಯನ್ನು ಬಿಡುತ್ತೇನೆಂದು ವ್ರತ ತೊಟ್ಟವರು ಮಂಗಳಕಾರ್ಯದಲ್ಲಿ ಅದನ್ನೇ ಉಡುವುದು ಎಷ್ಟು ಸರಿ ಎಂದು ಪ್ರತಿ ಮನೆಯಲ್ಲೂ ಮಾತಾಗಲಿ. ಪತಂಗವು ಹೊರಬಂದ ಮೇಲೆ ಉಳಿದ ಗೂಡಿನಿಂದ ನೂಲು ತೆಗೆಯುವ ಅಹಿಂಸಾ ರೇಷ್ಮೆಯೂ ಇದೆ. ಅದು ದುಬಾರಿಯೆನಿಸಿದರೆ ಉಡುಪಿಯ ಹತ್ತಿಯ ಸೀರೆ ಇದೆ, ಇಳಕಲ್ಲಿನ ಹತ್ತಿಯ ಸೀರೆಗಳಿವೆ. ಅವುಗಳಿಗೆ ಮನೆಯ ಹೆಣ್ಣುಮಕ್ಕಳು ಕೈಯಿಂದ ಕಸೂತಿ ಹಾಕಿದರೆ ಅಂತಹ ಸೀರೆ ಬೇರೆ ಯಾರಲ್ಲಿಯೂ ಇರುವುದಿಲ್ಲ. ಮದುವೆಯ ನಂತರವೂ ಉಡಬಹುದಾದ ಸೀರೆಯೇ ನಿಜವಾಗಿ ಅಗ್ಗವಾದ ಸೀರೆ.

ಊಟದಲ್ಲಿ ಬಗೆಗಳ ಸಂಖ್ಯೆ ಹೆಚ್ಚಿದಷ್ಟೂ ಎಲೆಯಲ್ಲಿ ಉಳಿಯುವುದೂ ಹೆಚ್ಚುತ್ತದೆ. ಹೆಸರುಬೇಳೆಯ ಕೋಸಂಬರಿ, ಬಾಳೆಕಾಯಿಯ ಪಲ್ಯ, ಸೋರೆಕಾಯಿಯ ಹುಳಿ, ನಿಂಬೆಹಣ್ಣಿನ ಚಿತ್ರಾನ್ನ, ತಿಳಿಸಾರು, ಹೋಳಿಗೆ, ಮಜ್ಜಿಗೆ ಇಷ್ಟರಲ್ಲಿ ಕಂದಮೂಲಗಳ ಅಗತ್ಯವೇ ಬೀಳುವುದಿಲ್ಲ. ಋತುವಿನ ತರಕಾರಿಯಾದ್ದರಿಂದ ಬೆಲೆಯೂ ಕಡಿಮೆ. ಬಾಳೆಯೆಲೆಯಲ್ಲಿ ಸ್ವಲ್ಪವೇ ಬಡಿಸಿ, ಕೇಳಿದವರಿಗೆ ಮತ್ತೆ ಬಡಿಸಲಿ. ಉಳಿದ ಶುದ್ಧ ಆಹಾರವನ್ನು ಸೂರ್ಯಾಸ್ತದೊಳಗೆ ಯಾರಿಗೆ ತಲುಪಿಸಬೇಕೆಂಬುದನ್ನು ಹಿಂದಿನ ದಿನವೇ ನಿಶ್ಚಯಿಸಿ, ಒಬ್ಬರಿಗೆ ಹೊಣೆ ವಹಿಸಿರಿ. ತಾಂಬೂಲಕ್ಕೆ ಹಳೆಯ ಬಟ್ಟೆಯಿಂದ ಹೊಲಿದ ಚೀಲಗಳಲ್ಲಿ ತೆಂಗಿನಕಾಯಿಯ ಜೊತೆ ಒಂದು ಚಿಕ್ಕ ಸ್ವಾಧ್ಯಾಯ ಪುಸ್ತಕವಿಟ್ಟರೆ ಅದು ಶಾಸ್ತ್ರದಾನವೂ ಆಗುತ್ತದೆ.

ಇಲ್ಲಿ ಎರಡು ಅಪಾಯಗಳಿವೆ. ಮೊದಲನೆಯದು, ಮನೆಯಲ್ಲೇ ಮಾಡುವುದೆಂದರೆ ಮನೆಯ ಹೆಂಗಸರೇ ಮಾಡುವುದು ಎಂದು ಅರ್ಥವಾಗಿಬಿಡುವುದು. ಹಣದ ಉಳಿತಾಯಕ್ಕೆ ತಾಯಿಯ, ಅತ್ತಿಗೆಯ ಹದಿನೈದು ರಾತ್ರಿಗಳ ನಿದ್ದೆಯನ್ನು ತೆತ್ತರೆ ಅದೂ ಹಿಂಸೆಯೇ. ಆದುದರಿಂದ ಕೆಲಸಗಳ ಪಟ್ಟಿ ಮಾಡಿ ಗಂಡಸರ, ಯುವಕರ, ಮಕ್ಕಳ ಹೆಸರಿನ ಮುಂದೆಯೂ ಬರೆಯಿರಿ. ಗರಿ ಹೆಣೆಯುವುದು, ಚೀಲ ಹೊಲಿಯುವುದು ಒಂದು ತಿಂಗಳ ಮೊದಲೇ ಭಾನುವಾರಗಳಲ್ಲಿ ಆಗುವ ಕೆಲಸ. ಹಸಿ ಗರಿಯ ತೋರಣ ಮಾತ್ರ ಹಿಂದಿನ ದಿನಕ್ಕಿರಲಿ, ಅಲ್ಲಿಯವರೆಗೆ ಒಣಗರಿಯಲ್ಲಿ ಕೈ ಪಳಗಲಿ. ಎರಡನೆಯ ಅಪಾಯ ಇನ್ನೂ ಸೂಕ್ಷ್ಮ. 'ನೋಡಿ, ನಾವೆಷ್ಟು ಸರಳವಾಗಿ ಮಾಡಿದೆವು' ಎಂದು ಹೇಳಿಕೊಳ್ಳುವುದೂ ಪ್ರದರ್ಶನವೇ. ಕ್ರೋಧ, ಮಾನ, ಮಾಯೆ, ಲೋಭಗಳೆಂಬ ನಾಲ್ಕು ಕಷಾಯಗಳಲ್ಲಿ ವೈಭವದ ಮದುವೆಗೆ ಬೆಂಕಿ ಹಚ್ಚುವುದು ಮಾನ. ಸರಳ ಮದುವೆಯ ಬೂದಿಯೊಳಗೂ ಕೆಂಡವಾಗಿ ಉಳಿಯಬಲ್ಲದ್ದು ಅದೇ ಮಾನ.

'ಜನರು ಜಿಪುಣರೆನ್ನುವುದಿಲ್ಲವೆ?' ಎಂದು ಹಲವರು ಕೇಳುತ್ತಾರೆ. ಜಿಪುಣನು ಉಳಿಸಿದ್ದನ್ನು ತನ್ನಲ್ಲೇ ಇಟ್ಟುಕೊಳ್ಳುತ್ತಾನೆ. ಅಪರಿಗ್ರಹಿಯು ಉಳಿಸಿದ್ದಕ್ಕೆ ದಾರಿ ತೋರಿಸುತ್ತಾನೆ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಒಂದಕ್ಕೆ ಮದುವೆಯ ಉಳಿತಾಯದ ಒಂದು ಭಾಗವನ್ನು ಸಂಕಲ್ಪಿಸಿದರೆ ಈ ಪ್ರಶ್ನೆ ಅಲ್ಲಿಗೇ ಮುಗಿಯುತ್ತದೆ. ಆ ಭಾಗವು ತಮ್ಮನ ಕಾಲೇಜಿನ ಶುಲ್ಕವಾದರೂ ಆಗಲಿ. ಜ್ಞಾನಕ್ಕೆ ಕೊಟ್ಟದ್ದು ವ್ಯರ್ಥವಾಗದು.

ನಮ್ಮ ನಾಡಿನಲ್ಲಿ ದಾರಿ ತೋರಿದವರಿಗೆ ಕೊರತೆಯಿಲ್ಲ. ಡಾ. ಡಿ. ವೀರೇಂದ್ರ ಹೆಗ್ಗಡೆಯವರು 1972ರಲ್ಲಿ ಧರ್ಮಸ್ಥಳದಲ್ಲಿ ಆರಂಭಿಸಿದ ಸಾಮೂಹಿಕ ವಿವಾಹವು ಇಂದಿಗೂ ನಡೆಯುತ್ತಿದೆ. ವರದಕ್ಷಿಣೆಗೆ ಅಲ್ಲಿ ಅವಕಾಶವಿಲ್ಲ, ಹನ್ನೆರಡು ಸಾವಿರಕ್ಕೂ ಹೆಚ್ಚು ಜೋಡಿಗಳು ಅಲ್ಲಿ ಸಾಲವಿಲ್ಲದೆ ಸಂಸಾರ ಆರಂಭಿಸಿವೆ. ಕುವೆಂಪು ಅವರು ಮಂತ್ರಮಾಂಗಲ್ಯವೆಂಬ ಸರಳ ವಿವಾಹ ಪದ್ಧತಿಯನ್ನು ರೂಪಿಸಿ, 1966ರಲ್ಲಿ ತಮ್ಮ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯನ್ನು ಅದೇ ರೀತಿ ನೆರವೇರಿಸಿದರು. ಇಬ್ಬರೂ ವೈಭವವನ್ನು ಮಾಡಲಾರದೆ ಬಿಟ್ಟವರಲ್ಲ, ಬೇಡವೆಂದು ಬಿಟ್ಟವರು.

ಈ ಕಾರಣಕ್ಕಾಗಿಯೇ ಕೊನೆಯ ಮಾತು ಸಮಾಜದ ಶ್ರೀಮಂತರಿಗೆ ಸೇರುತ್ತದೆ. ಉಳ್ಳವನೊಬ್ಬನು ವೈಭವದ ಮದುವೆ ಮಾಡಿದರೆ ಅವನ ಹಣ ಮಾತ್ರ ಕರಗುವುದಿಲ್ಲ. ಅವನ ಹಿಂದೆ ಕುಳಿತು ನೋಡುವ ಹತ್ತು ಮನೆಗಳ ಹೆಣ್ಣುಮಕ್ಕಳ ತಂದೆಯರಿಗೆ ಅದು ಅಲಿಖಿತ ಆಜ್ಞೆಯಾಗುತ್ತದೆ. ಅದೇ ವ್ಯಕ್ತಿ ಬಸದಿಯ ಅಂಗಳದಲ್ಲಿ, ಬಾಳೆಕಂದಿನ ಮಂಟಪದಲ್ಲಿ, ಹಗಲು ಬೆಳಕಿನಲ್ಲಿ ಮಗಳ ಧಾರೆಯೆರೆದರೆ ಆ ಹತ್ತು ಮನೆಗಳೂ ತಲೆಯೆತ್ತಿ ಉಸಿರಾಡುತ್ತವೆ. ದಾನದ ಫಲಕದಲ್ಲಿ ಹೆಸರು ಕೆತ್ತಿಸದೆಯೂ ಮಾಡಬಹುದಾದ ದಾನವಿದು. ಭಯದಿಂದ ಬಿಡಿಸುವುದರಿಂದ ಅಭಯದಾನವೆಂದೇ ಇದನ್ನು ಕರೆಯಬಹುದು. ಮುಂದಿನ ಲಗ್ನಕಾಲದಲ್ಲಿ ನಮ್ಮ ಮನೆಗಳಲ್ಲಿ ಪತ್ರಿಕೆ ಮುದ್ರಿಸುವ ಮೊದಲು ಆ ಮೂರು ಅಂಕಣಗಳ ಪುಸ್ತಕ ತೆರೆಯಲಿ. ವಧೂವರರೂ ಅದರ ಮುಂದೆ ಕುಳಿತು ತಮ್ಮ ಮೊದಲ ಪರಿಗ್ರಹ ಪರಿಮಾಣವನ್ನು ತಾವೇ ಬರೆಯಲಿ.