ಗುದ್ದಲಿ ಪೂಜೆಗೆ ಮುಂಚೆ ಕೇಳಿ

ನಮ್ಮ ಬೀದಿಯ ತುದಿಯಲ್ಲಿ, ಬಸ್ಸು ನಿಲ್ಲುವ ಕಡೆ, ಹೂವು ಮಾರುವ ಒಬ್ಬ ಅಜ್ಜಿ ಕೂರುತ್ತಾರೆ. ಹೋದ ವರ್ಷ ಅಲ್ಲಿ ಹೊಸ ಫುಟ್‌ಪಾತ್ ಆಯಿತು. ಕಲ್ಲು ಚೆನ್ನಾಗಿದೆ, ಅಂಚು ದಾರ ಹಿಡಿದಂತೆ ನೇರವಾಗಿದೆ. ಆದರೆ ರಸ್ತೆಯಿಂದ ಅದರ ಎತ್ತರ ಅಜ್ಜಿಯ ಮೊಣಕಾಲಿಗೆ ಬರುತ್ತದೆ. ಬೆಳಿಗ್ಗೆ ಐದೂವರೆಗೆ ಅವರು ಬುಟ್ಟಿಯನ್ನು ಮೊದಲು ಮೇಲಿಟ್ಟು, ಲೈಟ್ ಕಂಬ ಹಿಡಿದು, ಒಂದು ಕಾಲು ಎತ್ತಿಟ್ಟು, ಸುಧಾರಿಸಿಕೊಂಡು, ಆಮೇಲೆ ಇನ್ನೊಂದು ಕಾಲು ಎತ್ತುತ್ತಾರೆ. ಫುಟ್‌ಪಾತಿನ ಅಂಚು 150 ಮಿಲಿಮೀಟರಿಗಿಂತ ಎತ್ತರ ಇರಬಾರದು, ನಡೆಯಲು ಕನಿಷ್ಠ 1.8 ಮೀಟರ್ ಅಗಲದ ತೆರವು ಜಾಗ ಇರಬೇಕು ಎಂದು ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿಯೇ ಹೇಳುತ್ತದೆ. ಅಜ್ಜಿಯನ್ನು ಒಂದು ಮಾತು ಕೇಳಿದ್ದರೆ ಆ ಪುಸ್ತಕ ತೆಗೆಯುವ ಅಗತ್ಯವೂ ಇರಲಿಲ್ಲ.

ಯಾರೂ ಕೇಳಲಿಲ್ಲ. ನಮ್ಮನ್ನೂ ಕೇಳಲಿಲ್ಲ. ಕಾಮಗಾರಿಯ ವಿಷಯ ನಮಗೆ ತಿಳಿದದ್ದು ಗುದ್ದಲಿ ಪೂಜೆಯ ದಿನ. ಶಾಮಿಯಾನ, ಹಾರ, ತೆಂಗಿನಕಾಯಿ, ಫೋಟೊ. ಅಷ್ಟು ಹೊತ್ತಿಗೆ ನಕ್ಷೆ ತಯಾರಾಗಿತ್ತು, ಅಂದಾಜು ಪಟ್ಟಿಗೆ ಸಹಿ ಬಿದ್ದಿತ್ತು, ಟೆಂಡರ್ ಮುಗಿದು ಜೆಸಿಬಿ ಬಂದು ನಿಂತಿತ್ತು. ಆವತ್ತು ಬಾಯಿ ತೆರೆದವನು ಅಭಿವೃದ್ಧಿಗೆ ಅಡ್ಡಗಾಲು ಹಾಕುವವನಾಗಿ ಕಾಣುತ್ತಾನೆ. ಹಾಗಾಗಿ ಎಲ್ಲರೂ ಪ್ರಸಾದ ತೆಗೆದುಕೊಂಡು ಮನೆಗೆ ಹೋದೆವು. ನಾನೂ ಹೋದೆ. ಅಜ್ಜಿ ಕಂಬ ಹಿಡಿದು ಮೇಲೆ ಹತ್ತುವುದನ್ನು ನೋಡಿದಾಗಲೆಲ್ಲ ಆ ದಿನ ನೆನಪಾಗಿ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಹೀಗೆ ನಡೆಯಬೇಕೆಂದು ಯಾವ ಕಾನೂನೂ ಹೇಳಿಲ್ಲ. 1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ, ಮೂರು ಲಕ್ಷ ಅಥವಾ ಅದಕ್ಕೂ ಹೆಚ್ಚು ಜನಸಂಖ್ಯೆಯ ಊರುಗಳಲ್ಲಿ ವಾರ್ಡ್ ಸಮಿತಿ ಇರಲೇಬೇಕು ಎಂದಿತು. ಕರ್ನಾಟಕದ ಪಾಲಿಕೆ ಕಾಯ್ದೆಗೆ 2011ರಲ್ಲಿ ಜನರ ಸಹಭಾಗಿತ್ವದ ಅಧ್ಯಾಯವೇ ಸೇರಿತು. ಅದರ ಪ್ರಕಾರ ವಾರ್ಡ್ ಸಮಿತಿ ಎಂದರೆ ಕಾರ್ಪೊರೇಟರ್ ಅಧ್ಯಕ್ಷತೆಯಲ್ಲಿ ಹತ್ತು ಜನ. ಅವರಲ್ಲಿ ಮೂವರು ಮಹಿಳೆಯರು, ಇಬ್ಬರು ಪರಿಶಿಷ್ಟ ಜಾತಿ–ಪಂಗಡದವರು, ಇಬ್ಬರು ನಿವಾಸಿಗಳ ಸಂಘದವರು. ವಾರ್ಡಿನ ಯೋಜನೆ ಇವರ ಕೈಯಿಂದ ಮೇಲಕ್ಕೆ ಹೋಗಬೇಕು. ಅದಕ್ಕೂ ಕೆಳಗೆ ಏರಿಯಾ ಸಭೆ. ಅಲ್ಲಿ ಆ ಭಾಗದ ಮತದಾರರೆಲ್ಲ ಸದಸ್ಯರು, ಯಾರ ಶಿಫಾರಸೂ ಬೇಡ. ನಿಮ್ಮ ಏರಿಯಾ ಸಭೆ ಕೊನೆಗೆ ಸೇರಿದ್ದು ಯಾವಾಗ? ಹಳ್ಳಿಯಲ್ಲಿರುವ ನನ್ನ ಚಿಕ್ಕಪ್ಪನಿಗೆ ಗ್ರಾಮಸಭೆ ಎಂದರೆ ಏನೆಂದು ಗೊತ್ತು. ಅಲ್ಲಿಗೆ ಹೋಗಿ ಜಗಳವಾಡಿ ಬರುತ್ತಾರೆ. ನಗರದಲ್ಲಿ ಓದಿ ಕೆಲಸದಲ್ಲಿರುವ ನಮಗೆ ಅಂಥದ್ದೊಂದು ನಮಗೂ ಇದೆ ಎಂಬುದೇ ತಿಳಿದಿಲ್ಲ.

ನಮಗೆ ಉಳಿದಿರುವುದು ಒಂದೇ ಪದ: ‘ಬೇಡ’. ಆ ಪದಕ್ಕೂ ಬಲವಿದೆ. ಬೆಂಗಳೂರಿನಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿಲೋಮೀಟರ್ ಉಕ್ಕಿನ ಮೇಲ್ಸೇತುವೆ ಕಟ್ಟುತ್ತೇವೆ, ಅದಕ್ಕಾಗಿ ಎಂಟುನೂರಕ್ಕೂ ಹೆಚ್ಚು ಮರ ಕಡಿಯುತ್ತೇವೆ ಎಂದಾಗ, 2016ರ ಅಕ್ಟೋಬರ್ 16ರ ಭಾನುವಾರ ಸಾವಿರಾರು ಜನ ಆ ರಸ್ತೆಯ ಉದ್ದಕ್ಕೂ ಕೈ ಕೈ ಹಿಡಿದು ನಿಂತರು. ಮುಂದಿನ ಮಾರ್ಚಿನಲ್ಲಿ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಅದನ್ನು ಗೆಲುವು ಎಂದೆವು, ಸರಿಯೇ. ಆದರೆ ಅಷ್ಟು ಜನ ಬೀದಿಗೆ ಇಳಿಯಬೇಕಾದದ್ದೇಕೆ? ನಕ್ಷೆಯ ಮೊದಲ ಗೆರೆ ಎಳೆಯುವ ಮುನ್ನ ‘ಈ ದಾರಿಯಲ್ಲಿ ನಿಮಗೆ ಏನು ಬೇಕು’ ಎಂದು ಒಬ್ಬರಾದರೂ ಕೇಳಿದ್ದರೆ, ಬಸ್ಸು ಬೇಕು, ರೈಲು ಬೇಕು, ನೆರಳು ಬೇಕು ಎಂದು ಅದೇ ಜನ ಹೇಳುತ್ತಿದ್ದರು. ‘ಬೇಕು’ ಎನ್ನುವ ಜಾಗಕ್ಕೆ ನಮ್ಮನ್ನು ಕರೆಯುವುದೇ ಇಲ್ಲ.

ಕರೆದಾಗ ಏನಾಗುತ್ತದೆ ಎಂಬುದಕ್ಕೆ ಅದೇ ಊರಿನ ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆಗೆ ಹೋಗಿ ನೋಡಿ. ಒಣಗಿ, ಕೊಳಚೆ ತುಂಬಿದ್ದ ಕೆರೆ ಅದು. ಸುತ್ತಲಿನ ನಿವಾಸಿಗಳು, ಕೆರೆಯ ಬಗ್ಗೆ ತಿಳಿದವರು, ಪಾಲಿಕೆಯ ಎಂಜಿನಿಯರುಗಳು ಯೋಜನೆಯ ಹಂತದಲ್ಲೇ ಒಟ್ಟಿಗೆ ಕೂತರು. ಹಾಗಾಗಿ ಗಣಪತಿ ಬಿಡಲು ಬೇರೆಯೇ ಒಂದು ಕಲ್ಯಾಣಿ ಬಂತು. ಹಬ್ಬವೂ ನಡೆಯಬೇಕು, ನೀರೂ ಕೆಡಬಾರದು. ಅಲ್ಲಿ ಬದುಕುವವರಿಗೆ ಮಾತ್ರ ಮೊದಲೇ ಹೊಳೆಯುವ ಮಾತಿದು. ಜನ ತಮ್ಮದೆಂದು ಕಾಯುವ ಕೆರೆ ಅದು ಈಗ.

ಜನರನ್ನು ಕೇಳುತ್ತಾ ಕೂತರೆ ಕೆಲಸವಾಗುವುದಿಲ್ಲ ಎನ್ನುವ ಅಧಿಕಾರಿಗಳಿದ್ದಾರೆ. ಅವರ ಕಷ್ಟವನ್ನು ನಾನು ತಳ್ಳಿಹಾಕುವುದಿಲ್ಲ. ಹತ್ತು ಜನ ಸೇರಿದರೆ ಹನ್ನೊಂದು ಅಭಿಪ್ರಾಯ, ಅವರಲ್ಲಿ ಇಬ್ಬರಿಗೆ ಬೇಕಾದದ್ದು ತಮ್ಮ ಮನೆ ಮುಂದೆ ಕಾರು ನಿಲ್ಲಿಸುವ ಜಾಗ ಮಾತ್ರ. ಆದರೆ ಒಂದೇ ರಸ್ತೆಯನ್ನು ನೀರಿನ ಪೈಪಿಗೆ ಒಮ್ಮೆ, ಒಳಚರಂಡಿಗೆ ಒಮ್ಮೆ, ಕೇಬಲ್ಲಿಗೆ ಇನ್ನೊಮ್ಮೆ ಅಗೆಯುವ ನಾವು ಸಮಯದ ಲೆಕ್ಕ ಹೇಳಬಹುದೇ? ಎಂಜಿನಿಯರ್ ಮಿತ್ರರೇ, ಮಳೆ ಸುರಿಯುವ ಒಂದು ಸಂಜೆ ನಿಮ್ಮ ನಕ್ಷೆ ಹಿಡಿದು ಬೀದಿಗೆ ಬನ್ನಿ. ದಿನಾ ಗುಡಿಸುವ ಪೌರಕಾರ್ಮಿಕ ಮಹಿಳೆಯನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ. ನೀರು ಎಲ್ಲಿ ನಿಲ್ಲುತ್ತದೆ, ಯಾವ ಮೋರಿ ಮೊದಲು ಕಟ್ಟಿಕೊಳ್ಳುತ್ತದೆ, ಯಾವ ಚಪ್ಪಡಿ ಅಲ್ಲಾಡುತ್ತದೆ ಎಂದು ಆಕೆ ಬೆರಳು ತೋರಿಸಿ ಹೇಳುತ್ತಾಳೆ. ಸಲಹೆಗಾರ ಸಂಸ್ಥೆಯ ದಪ್ಪ ವರದಿಯಲ್ಲಿ ಅದು ಸಿಗುವುದಿಲ್ಲ.

ಇನ್ನು ನಮ್ಮ ಮಾತು. ನಿವಾಸಿಗಳ ಸಂಘ ಎಂದರೆ ಬಹುಪಾಲು ಸ್ವಂತ ಮನೆಯುಳ್ಳವರ ಸಂಘವಾಗಿದೆ. ಬಾಡಿಗೆಯವರು ಎಲ್ಲಿ? ರಾತ್ರಿ ಪಾಳಿ ಮುಗಿಸಿ ಕತ್ತಲ ಬೀದಿಯಲ್ಲಿ ನಡೆದು ಬರುವ ಹುಡುಗಿಯರು ಎಲ್ಲಿ? ಗಾಲಿಕುರ್ಚಿಯಲ್ಲಿ ಓಡಾಡುವವರು ಎಲ್ಲಿ? ಬೀದಿ ವ್ಯಾಪಾರಿಗಳ 2014ರ ಕಾಯ್ದೆ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40 ಸ್ಥಾನ ವ್ಯಾಪಾರಿಗಳಿಗೇ, ಅದರಲ್ಲಿ ಮೂರನೇ ಒಂದು ಭಾಗ ಮಹಿಳೆಯರಿಗೆ ಎಂದಿದೆ. ಆದರೂ ಫುಟ್‌ಪಾತಿನ ಚರ್ಚೆ ಬಂದಾಗ ‘ಮೊದಲು ಈ ಗಾಡಿಯವರನ್ನು ಎಬ್ಬಿಸಿ’ ಎಂದು ನಮ್ಮವರೇ ಹೇಳುತ್ತಾರೆ. ಸಂಜೆ ಅದೇ ಗಾಡಿಯಲ್ಲಿ ಸೊಪ್ಪು ಕೊಳ್ಳುತ್ತಾರೆ. ಹೀಗೆ ಅರ್ಧ ಊರನ್ನು ಹೊರಗಿಟ್ಟು ನಾವೂ ಒಂದು ನಕ್ಷೆ ಬರೆದರೆ, ಅಜ್ಜಿಯ ಪಾಲಿಗೆ ಆ ಮೊಣಕಾಲೆತ್ತರದ ಕಲ್ಲು ಹಾಗೆಯೇ ಇರುತ್ತದೆ.

ಬೆಂಗಳೂರಿನ ಪಾಲಿಕೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಕಾರ್ಪೊರೇಟರೇ ಇಲ್ಲದೆ ಅಷ್ಟು ದೊಡ್ಡ ಊರು ನಡೆಯಿತು. 2025ರಲ್ಲಿ ಅದು ಐದು ಪಾಲಿಕೆಗಳಾಯಿತು. ಎಷ್ಟು ಪಾಲು ಮಾಡಿದರೂ ಬೀದಿಯವರ ಮಾತು ನಕ್ಷೆಯ ಮೇಜಿಗೆ ತಲುಪದಿದ್ದರೆ ಕಚೇರಿಯ ಬೋರ್ಡು ಬದಲಾದಂತಾಯಿತು, ಅಷ್ಟೇ. ಆದ್ದರಿಂದ ನಿಮ್ಮ ಊರು ಯಾವುದೇ ಆಗಿರಲಿ, ಕೇಳಿ. ನಮ್ಮ ವಾರ್ಡಿನ ಸಮಿತಿಯಲ್ಲಿ ಯಾರಿದ್ದಾರೆ, ಸಭೆ ಎಂದು, ಕಳೆದ ಸಭೆಯ ನಡಾವಳಿ ಎಲ್ಲಿ ಎಂದು ಬರವಣಿಗೆಯಲ್ಲಿ ಕೇಳಿ. ನಮ್ಮ ಬೀದಿಯ ಕಾಮಗಾರಿಯ ನಕ್ಷೆಯನ್ನು ಟೆಂಡರಿಗೆ ಮುಂಚೆ, ಕನ್ನಡದಲ್ಲಿ, ಬಸ್ ನಿಲ್ದಾಣದ ಗೋಡೆಗೆ ಅಂಟಿಸಿ ಎಂದು ಕೇಳಿ. ಕೊಡದಿದ್ದರೆ ಮತ್ತೆ ಹೋಗಿ, ಜೊತೆಗೆ ಪಕ್ಕದ ಮನೆಯವರನ್ನೂ ಕರೆದುಕೊಂಡು ಹೋಗಿ.

ನಾನು ಕಳೆದ ತಿಂಗಳು ವಾರ್ಡ್ ಸಮಿತಿಯ ಸಭೆಗೆ ಮೊದಲ ಸಲ ಹೋದೆ. ನಲವತ್ತು ಕುರ್ಚಿ ಹಾಕಿದ್ದರು, ಏಳು ಜನ ಇದ್ದೆವು. ಫುಟ್‌ಪಾತಿನ ಆ ತುದಿಯಲ್ಲಿ ಒಂದು ಇಳಿಜಾರು ಮಾಡಿಕೊಡಿ ಎಂದೆ, ಬರೆದುಕೊಂಡರು. ಮುಂದಿನ ಸಭೆಗೆ ಅಜ್ಜಿಯನ್ನೂ ಕರೆದಿದ್ದೇನೆ. “ಹನ್ನೊಂದು ಗಂಟೆ ಸಭೆಗೆ ಹೆಂಗೆ ಬರ್ಲಿ ಸ್ವಾಮಿ, ಹೂವು ಬಾಡಿ ಹೋಗ್ತದೆ. ಮಧ್ಯಾಹ್ನ ಎರಡಕ್ಕೆ ಇಟ್ಕೊಳ್ಳಿ, ಬತ್ತೀನಿ” ಅಂದಿದ್ದಾರೆ. ಸಭೆಯನ್ನು ಎರಡು ಗಂಟೆಗೆ ಇಡಬೇಕೆಂದು ಇವತ್ತೇ ಅರ್ಜಿ ಬರೆಯುತ್ತಿದ್ದೇನೆ. ಅದಕ್ಕೆ ಸಹಿ ಹಾಕಲು ಬನ್ನಿ.